ಪ್ಯಾಕಿಂಗ್ ಹೊಸದು, ಆಯಿಲ್ ಸೋರೋದು ಮಾತ್ರ ನಿಂತಿಲ್ಲ

ಹಳೇಗಾಡಿ:
ಕಾರಿನ ಇಂಜಿನ್ ನಾನೇ ಇಳಿಸಿ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್ (ಗ್ಯಾಸ್ಕೆಟ್), ಕೆಳಗೆ ಆಯಿಲ್ ನಿಲ್ಲೋ ಚೇಂಬರ್ ಪ್ಯಾಕಿಂಗ್, ಗೇರ್‌ಬಾಕ್ಸ್ ಕಡೆಗಿರುವ ಕ್ರ್ಯಾಂಕ್‌ನ ಹಿಂದಿನ ಸೀಲ್ ಮೂರನ್ನೂ ಬದಲಾಯಿಸಿದೆ. ಮೂರು ವಾರ ಒಂದು ಹನಿಯೂ ಇರಲಿಲ್ಲ. ಈಗ ಬೆಳಿಗ್ಗೆ ಗಾಡಿ ತೆಗೆದರೆ ನೆಲದ ಮೇಲೆ ಅಂಗೈಯಗಲ ಕಲೆ. ಚೇಂಬರ್ ಬೋಲ್ಟ್ ಇನ್ನಷ್ಟು ಬಿಗಿ ಮಾಡಿದೆ, ಸೋರಿಕೆ ಜಾಸ್ತಿಯೇ ಆಯಿತು! ಸಿಲಿಕಾನ್ ಪೇಸ್ಟ್ ಕೂಡ ಧಾರಾಳವಾಗಿ ಮೆತ್ತಿದ್ದೆ. ಮತ್ತೆ ಇಂಜಿನ್ ಇಳಿಸಬೇಕಾ?

ಎಣ್ಣೆಕೈ:
"ಧಾರಾಳವಾಗಿ" ಅಂದಿರಲ್ಲ, ಎದೆ ಧಸಕ್ ಅಂತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬ್ರೀದರ್, ಅಂದರೆ ಇಂಜಿನ್ ಒಳಗಿನ ಗ್ಯಾಸ್ ಹೊರಹೋಗೋ ದಾರಿ, ನೋಡಿ. ಆ ದಾರಿಯಲ್ಲಿರುವ ಪಿಸಿವಿ ವಾಲ್ವ್ ಕಟ್ಟಿಕೊಂಡರೆ ಇಂಜಿನ್ ಒಳಗೆ ಒತ್ತಡ ಏರಿ, ಎಂಥ ಹೊಸ ಸೀಲ್ ಇದ್ದರೂ ಆಯಿಲನ್ನು ಹೊರಗೆ ತಳ್ಳುತ್ತದೆ. ಗಾಡಿ ಐಡ್ಲಿಂಗ್‌ನಲ್ಲಿ ಬಿಟ್ಟು, ಆಯಿಲ್ ಮುಚ್ಚಳ ತೆಗೆದು, ಬಾಯಿಯ ಮೇಲೆ ಒಂದು ಕಾಗದ ಇಡಿ. ಸಣ್ಣಗೆ ಒಳಕ್ಕೆ ಎಳೆಯಬೇಕು. ಮೇಲೆ ಹಾರಿದರೆ ಕಳ್ಳ ಸಿಕ್ಕ ಹಾಗೆ.

ಚೇಂಬರ್ ತಗಡಿನದಾದರೆ, ಬಿಗಿ ಮಾಡಿದಷ್ಟೂ ಬೋಲ್ಟ್ ತೂತಿನ ಸುತ್ತ ತಗಡು ಉಬ್ಬುತ್ತದೆ, ಎರಡು ಬೋಲ್ಟ್ ನಡುವೆ ಸಂದಿ ಬಿಡುತ್ತದೆ. ನಿಮಗೆ ಆಗಿರುವುದು ಬಹುಶಃ ಇದೇ. ಬಿಚ್ಚಿ, ಅಂಚನ್ನು ಮರದ ದಿಮ್ಮಿ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿ. ಸ್ಕೇಲ್ ಇಟ್ಟು ನೋಡಿ, ಬೆಳಕು ನುಸುಳಬಾರದು. ಸಣ್ಣ 6 ಎಂಎಂ ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಮ್ಯಾನ್ಯುಯಲ್‌ನಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ಸರಿ.

ಈಗ ಪೇಸ್ಟ್. ಒಮ್ಮೆ ನಾನೂ ದಪ್ಪಗೆ ಹಾಕಿದ್ದೆ. ಕೆಲವೇ ದಿನಕ್ಕೆ ಐಡ್ಲಿಂಗ್‌ನಲ್ಲಿ ಆಯಿಲ್ ಲೈಟ್ ಮಿಣಮಿಣ ಅನ್ನೋಕೆ ಶುರು. ಚೇಂಬರ್ ಬಿಚ್ಚಿದರೆ, ಪಂಪಿಗೆ ಆಯಿಲ್ ಎಳೆಯೋ ಜಾಲರಿ ಮೇಲೆ ಬೂದು ಸಿಲಿಕಾನ್ ಎರೆಹುಳುಗಳ ಹಾಗೆ ಮಲಗಿತ್ತು. ಹೊರಗೆ ಎಷ್ಟು ಹಿಂಡಿ ಬರುತ್ತದೋ ಒಳಗೂ ಅಷ್ಟೇ ಬರುತ್ತದೆ, ಅಲ್ವಾ? ಪ್ಯಾಕಿಂಗ್ ಇಲ್ಲದೆ ಪೇಸ್ಟ್ ಮಾತ್ರ ಹಾಕೋ ಕಡೆ 3 ಎಂಎಂ ದಾರದಷ್ಟು ಸಾಕು, ಬೋಲ್ಟ್ ತೂತುಗಳಿಗಿಂತ ಒಳಗಿನ ಅಂಚಿನ ಕಡೆಗೆ. ರಬ್ಬರ್ ಪ್ಯಾಕಿಂಗ್ ಒಣದಾಗಿಯೇ ಕೂರಬೇಕು. ಎರಡು ಭಾಗ ಸೇರೋ ಮೂಲೆಗಳಲ್ಲಿ ಮಾತ್ರ ಒಂದು ಚುಕ್ಕೆ ಪೇಸ್ಟ್.

ಹಳೇ ಪೇಸ್ಟ್ ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಉಜ್ಜೋ ಚಕ್ರ ಬೇಡ, ಅದರ ಪುಡಿ ಬೇರಿಂಗ್ ತಿಂದುಹಾಕುತ್ತದೆ. ಕೊನೆಗೆ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಮೇಲೆ ಬೆರಳು ಸೋಕಿಸಬೇಡಿ. ಪೇಸ್ಟ್ ಹಾಕಿದರೆ ಪೊರೆ ಕಟ್ಟೋ ಮೊದಲೇ ಜೋಡಿಸಿ. ಆಯಿಲ್ ಮರುದಿನ ತುಂಬಿದರಾಯಿತು, ಅವಸರ ಏನಿದೆ?

ಗೇರ್‌ಬಾಕ್ಸ್:
ಹಿಂದಿನ ಸೀಲ್ ಮೇಲೆ ಅನುಮಾನ ಪಡೋ ಮೊದಲು ಇಂಜಿನ್ ತೊಳೆದು ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ ಸ್ವಲ್ಪ ಓಡಿಸಿ. ಆಯಿಲ್ ಕೆಳಗೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೂ ಹರಡುತ್ತದೆ. ಎಲ್ಲಕ್ಕಿಂತ ಮೇಲೆ ಒದ್ದೆಯಾದ ಜಾಗವೇ ಮೂಲ. ನಾನು ಇದು ಮಾಡದೆ ಸುಮ್ನೆ ಗೇರ್‌ಬಾಕ್ಸ್ ಇಳಿಸಿದ್ದೆ, ಸೋರುತ್ತಿದ್ದದ್ದು ಟ್ಯಾಪೆಟ್ ಕವರ್!

ಹಳೇಗಾಡಿ:
ಕಾಗದ ಹಾರಿಹೋಯಿತು. ಬ್ರೀದರ್ ಪೈಪ್‌ನಲ್ಲಿ ಕಪ್ಪು ಮಡ್ಡಿ ಗಟ್ಟಿಯಾಗಿ ಕೂತಿತ್ತು. ವಾಲ್ವ್ ಹೊಸದು ಹಾಕಿ, ಪೈಪ್ ತೊಳೆದೆ. ಇಂಜಿನ್ ಇಳಿಸದೆಯೇ ಚೇಂಬರ್ ಬಿಚ್ಚೋಕೆ ಆಯಿತು. ಎಣ್ಣೆಕೈ ಅವರೇ, ಜಾಲರಿ ಮೇಲೆ ನಿಮ್ಮ ಎರೆಹುಳು ಎರಡು ಸಿಕ್ಕಿವೆ.