ಫಿಲ್ ಟೇಲರ್ ಅವರ 16 ಪ್ರಶಸ್ತಿಗಳನ್ನು ಲಿಟ್ಲರ್ ದಾಟುತ್ತಾನಾ?

ಟ್ರಿಪಲ್_ಇಪ್ಪತ್ತು:
ಈ ಜನವರಿಯಲ್ಲಿ, ಅಂದರೆ 2026ರಲ್ಲಿ, ಲೂಕ್ ಲಿಟ್ಲರ್ ಗಿಯಾನ್ ವಾನ್ ವೀನ್‌ನನ್ನು 7-1ರಿಂದ ಸೋಲಿಸಿ ಎರಡನೇ ಸಲ ಡಾರ್ಟ್ಸ್ ವಿಶ್ವ ಚಾಂಪಿಯನ್ ಆದ. ಆಗಿನಿಂದ ಎಲ್ಲಿ ನೋಡಿದರೂ ಒಂದೇ ಮಾತು. ಫಿಲ್ ಟೇಲರ್ ಅವರ 16 ವಿಶ್ವ ಪ್ರಶಸ್ತಿಗಳನ್ನು ಈ ಹುಡುಗ ದಾಟಿಯೇ ದಾಟುತ್ತಾನೆ ಅಂತ. ನಾನು ಒಪ್ಪುವುದಿಲ್ಲ.

ಲೆಕ್ಕ ಹಾಕಿ ನೋಡಿ. ಕೈಯಲ್ಲಿರುವುದು ಎರಡು. ಸರಿಗಟ್ಟಲು ಇನ್ನೂ 14 ಬೇಕು. ಒಂದು ವರ್ಷವೂ ತಪ್ಪದೆ ಗೆದ್ದರೂ 2040 ಬರುತ್ತದೆ. ಆಗ ಅವನಿಗೆ 32 ವರ್ಷ, ವಯಸ್ಸೇನೂ ಅಡ್ಡಿಯಲ್ಲ. ಆದರೆ ಅಷ್ಟು ವರ್ಷ ಹಸಿವು ಉಳಿಯಬೇಕಲ್ಲ? ಟೇಲರ್ 1994ರಿಂದ 2007ರವರೆಗೆ ಒಂದು ವರ್ಷವೂ ಬಿಡದೆ ಫೈನಲ್ ಆಡಿದರು. ಸತತ 14 ಫೈನಲ್! ಅದರಲ್ಲಿ 1995ರಿಂದ 2002ರವರೆಗೆ ಎಂಟು ವರ್ಷ ಬೇರೆ ಯಾರಿಗೂ ಕಪ್ ಬಿಟ್ಟುಕೊಡಲಿಲ್ಲ. ಎಲ್ಲ ಗೆದ್ದಾದ ಮೇಲೂ ಮತ್ತೆ ಬೋರ್ಡ್ ಮುಂದೆ ನಿಂತು ಡಬಲ್ (ಬೋರ್ಡ್ ಅಂಚಿನಲ್ಲಿ ಅಂಕ ದುಪ್ಪಟ್ಟಾಗುವ ಕಿರಿದಾದ ಪಟ್ಟಿ) ಅಭ್ಯಾಸ ಮಾಡುವ ಮನಸ್ಸು ಎಷ್ಟು ಜನಕ್ಕೆ ಇರುತ್ತದೆ? ನನಗೆ ಟೇಲರ್ ಅಂದರೆ ಆ ಮನಸ್ಸು.

ಕೋಟೆಬೀದಿ_ರಘು:
ಹಸಿವಿನ ಮಾತು ಒಪ್ಪಿದೆ. ಆದರೆ ಎದುರಿಗೆ ಯಾರಿದ್ದರು ಅನ್ನುವುದನ್ನೂ ಹೇಳಬೇಕಲ್ವಾ? 1990ರ ದಶಕದಲ್ಲಿ ಡಾರ್ಟ್ಸ್ ಲೋಕ ಎರಡು ಹೋಳಾಗಿತ್ತು. ಟಿವಿಯಲ್ಲಿ ಟೂರ್ನಿಗಳು ಕಡಿಮೆಯಾಗಿ ಆಟಗಾರರ ಹೊಟ್ಟೆಪಾಡಿಗೇ ಕಷ್ಟವಾಗಿತ್ತು. ಆಗ 16 ಜನ ಹಳೆಯ ಸಂಸ್ಥೆ ಬಿಡಿಒ ವಿರುದ್ಧ ಎದ್ದುನಿಂತು ಬೇರೆ ಗುಂಪು ಕಟ್ಟಿದರು. ಅದೇ ಇವತ್ತಿನ ಪಿಡಿಸಿ. ಅವರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1994ರಲ್ಲಿ ಪರ್‌ಫ್ಲೀಟ್‌ನ ಸರ್ಕಸ್ ಟ್ಯಾವರ್ನ್‌ನಲ್ಲಿ ನಡೆಯಿತು. ಆಡಿದವರು ಬರೀ 24 ಜನ. ಉಳಿದವರೆಲ್ಲ ಆ ಕಡೆ, ಬಿಡಿಒ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದ್ದ ಲೇಕ್‌ಸೈಡ್‌ನಲ್ಲಿ ಆಡುತ್ತಿದ್ದರು. ರೇಮಂಡ್ ವಾನ್ ಬಾರ್ನೆವೆಲ್ಡ್ ಅಲ್ಲೇ ನಾಲ್ಕು ಸಲ ಚಾಂಪಿಯನ್ ಆದರು. ಅಂಥ ಆಟಗಾರ ಆ ವರ್ಷಗಳಲ್ಲಿ ಟೇಲರ್ ಎದುರು ಫೈನಲ್‌ಗೆ ಬರುವ ಹಾಗೇ ಇರಲಿಲ್ಲ.

ಈಗ 128 ಜನ ಆಡುತ್ತಾರೆ. ಮೊದಲ ಸುತ್ತಿನಲ್ಲೇ ದೊಡ್ಡವರು ಮನೆಗೆ ಹೋಗುತ್ತಾರೆ. ಇದರ ನಡುವೆ ಎರಡು ವರ್ಷ ಸತತ ಗೆದ್ದಿದ್ದಾನೆ ಈ ಹುಡುಗ.

ಲೆಕ್ಕದ_ಮೇಷ್ಟ್ರು:
ರಘು ಅವರೇ, ಬಾರ್ನೆವೆಲ್ಡ್ ಕಥೆಯನ್ನು ಅರ್ಧಕ್ಕೆ ಬಿಟ್ಟಿರಿ. ಅವರು 2006ರಲ್ಲಿ ಪಿಡಿಸಿಗೆ ಬಂದರು. 2007ರ ಫೈನಲ್‌ನಲ್ಲಿ ಟೇಲರ್ 3-0 ಮುಂದಿದ್ದರು. ಅಲ್ಲಿಂದ ಬಾರ್ನೆವೆಲ್ಡ್ ಎದ್ದುಬಂದು ಕೊನೆಯ ಸೆಟ್‌ನ ಕೊನೆಯ ಲೆಗ್‌ನಲ್ಲಿ 7-6ರಿಂದ ಗೆದ್ದರು (501 ಅಂಕವನ್ನು ಸೊನ್ನೆಗೆ ಇಳಿಸುವ ಒಂದು ಆಟ ಲೆಗ್, ಕೆಲವು ಲೆಗ್ ಸೇರಿ ಒಂದು ಸೆಟ್). ಅಲ್ಲಿಗೆ ಟೇಲರ್ ಕಾಲ ಮುಗಿಯಿತು ಅಂತ ಎಷ್ಟೋ ಜನ ಅಂದುಕೊಂಡರು. ಎರಡೇ ವರ್ಷದಲ್ಲಿ, 2009ರಲ್ಲಿ, ಅದೇ ಬಾರ್ನೆವೆಲ್ಡ್ ಎದುರು ಅದೇ ಫೈನಲ್. ಟೇಲರ್‌ಗೆ 48 ವರ್ಷ. 7-1ರಿಂದ ಗೆದ್ದರು. ಸರಾಸರಿ 110.94.

ಎದುರಾಳಿ ಯಾರೇ ಆಗಿರಲಿ, ಬೋರ್ಡ್ ಬದಲಾಗುವುದಿಲ್ಲ. ಗೆರೆಯಿಂದ ಬೋರ್ಡಿಗೆ 2.37 ಮೀಟರ್ ದೂರ, ಅಷ್ಟೇ. 2024ರಲ್ಲಿ ಲೂಕ್ ಹಂಫ್ರೀಸ್ 7-4ರಿಂದ ಲಿಟ್ಲರ್‌ನನ್ನು ಸೋಲಿಸಿದ ಫೈನಲ್ ಎಷ್ಟು ಚೆನ್ನಾಗಿತ್ತು ಅಂತ ಎಲ್ಲರೂ ಹೊಗಳಿದೆವು. ಅಲ್ಲಿ ಹಂಫ್ರೀಸ್ ಸರಾಸರಿ 103.67. ಟೇಲರ್ 15 ವರ್ಷ ಮೊದಲೇ ಅದಕ್ಕಿಂತ ಏಳು ಅಂಕ ಜಾಸ್ತಿ ಹೊಡೆದಿದ್ದರು.

ಹೊಸಬ_ಗಿರಿ:
ನಾನು ಈ ಆಟ ನೋಡಲು ಶುರು ಮಾಡಿದ್ದೇ ಕಳೆದ ಚಳಿಗಾಲದಲ್ಲಿ. ಈ ಸರಾಸರಿ ಅಂದರೆ ಏನು ಸರ್? 110 ಅಂದರೆ ಅಷ್ಟು ದೊಡ್ಡದಾ?

ಲೆಕ್ಕದ_ಮೇಷ್ಟ್ರು:
ಗಿರಿ, ಒಂದು ಸರದಿಗೆ ಮೂರು ಡಾರ್ಟ್. ಮೂರಕ್ಕೂ ಸೇರಿ ಸರಾಸರಿ ಎಷ್ಟು ಅಂಕ ಬಂತು ಅನ್ನುವುದೇ ಆ ಸಂಖ್ಯೆ. ಗರಿಷ್ಠ 180. ಆದರೆ ಪ್ರತಿ ಲೆಗ್ ಕೊನೆಗೆ ಡಬಲ್ ಹೊಡೆದೇ ಮುಗಿಸಬೇಕು. ಅಲ್ಲಿ ತಪ್ಪಿದ ಡಾರ್ಟ್‌ಗಳೂ ಲೆಕ್ಕಕ್ಕೆ ಬರುತ್ತವೆ, ಸರಾಸರಿ ಇಳಿಯುತ್ತದೆ. ವಿಶ್ವ ಫೈನಲ್‌ನ ಒತ್ತಡದಲ್ಲಿ 100 ದಾಟಿದರೇ ದೊಡ್ಡ ಆಟ.

ಡಬಲ್ 16ನ್ನು ಯಾಕೆ ಜಾಸ್ತಿ ಜನ ಇಷ್ಟಪಡುತ್ತಾರೆ ಗೊತ್ತಾ? 32 ಉಳಿದಿದೆ ಅಂದುಕೊಳ್ಳಿ. ಸ್ವಲ್ಪ ಒಳಗೆ ಬಿದ್ದರೆ 16 ಹೋಗಿ ಡಬಲ್ 8 ಉಳಿಯುತ್ತದೆ. ಅದೂ ಒಳಗೆ ಬಿದ್ದರೆ ಡಬಲ್ 4, ಆಮೇಲೆ ಡಬಲ್ 2. ತಪ್ಪಿದರೂ ದಾರಿ ಮುಚ್ಚುವುದಿಲ್ಲ.

ಸುಮಾ_ಬರ್ಮಿಂಗ್‌ಹ್ಯಾಮ್:
ಟೇಲರ್ ಊರು ಸ್ಟೋಕ್ ಆನ್ ಟ್ರೆಂಟ್ ನನಗೆ ಹತ್ತಿರ, ರೈಲಿನಲ್ಲಿ ಒಂದು ಗಂಟೆ. ಪಿಂಗಾಣಿ ಕಾರ್ಖಾನೆಗಳ ಊರು ಅದು. ಟೇಲರ್ ಅಂಥ ಒಂದು ಕಾರ್ಖಾನೆಯಲ್ಲಿ ಟಾಯ್ಲೆಟ್‌ಗೆ ಬೇಕಾದ ಪಿಂಗಾಣಿ ಹಿಡಿಕೆ ಮಾಡುತ್ತಿದ್ದರು. ವಾರಕ್ಕೆ 52 ಪೌಂಡ್. ಅಲ್ಲೇ ಬರ್ಸ್ಲೆಮ್‌ನಲ್ಲಿ ಐದು ಸಲದ ವಿಶ್ವ ಚಾಂಪಿಯನ್ ಎರಿಕ್ ಬ್ರಿಸ್ಟೋ ಅವರ ಪಬ್ ಇತ್ತು. ಬ್ರಿಸ್ಟೋ ಈ ಮನುಷ್ಯನಲ್ಲಿ ಏನೋ ಕಂಡರು. ಕೆಲಸ ಬಿಟ್ಟು ಅಭ್ಯಾಸ ಮಾಡು ಅಂತ ಸುಮಾರು 10 ಸಾವಿರ ಪೌಂಡ್ ಕೊಟ್ಟರು. ಸಾಲವಾಗಿ. ಗೆದ್ದು ತೀರಿಸಬೇಕು.

1990ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟೇಲರ್ ಮೇಲೆ ಬಾಜಿ 125ಕ್ಕೆ 1 ಇತ್ತು. ಫೈನಲ್‌ಗೆ ಬಂದಾಗ ಎದುರಿಗೆ ನಿಂತಿದ್ದು ಅದೇ ಬ್ರಿಸ್ಟೋ. ಸಾಲ ಕೊಟ್ಟವರನ್ನೇ 6-1ರಿಂದ ಸೋಲಿಸಿದರು. 16ರ ಲೆಕ್ಕ ಶುರುವಾಗಿದ್ದು ಅಲ್ಲಿಂದ. ಲಿಟ್ಲರ್‌ಗೆ ಪ್ರತಿಭೆ ಎಷ್ಟು ಬೇಕಾದರೂ ಇರಲಿ. ಒಂದೂವರೆ ವರ್ಷದ ಮಗುವಾಗಿದ್ದಾಗಲೇ ಅವನ ಕೈಗೆ ಅಯಸ್ಕಾಂತದ ಡಾರ್ಟ್ ಬೋರ್ಡ್ ಸಿಕ್ಕಿತ್ತು, ಚಿಕ್ಕವನಿದ್ದಾಗಲೇ ಸೇಂಟ್ ಹೆಲೆನ್ಸ್‌ನ ಅಕಾಡೆಮಿ ಸಿಕ್ಕಿತು. ಟೇಲರ್ ಈ ಆಟವನ್ನೇ ಬದುಕು ಮಾಡಿಕೊಂಡಿದ್ದು ಇಪ್ಪತ್ತೈದು ದಾಟಿದ ಮೇಲೆ.

ಕೋಟೆಬೀದಿ_ರಘು:
ಸುಮಾ ಮೇಡಂ, ಕಥೆ ಮನಸ್ಸಿಗೆ ತಟ್ಟುತ್ತದೆ. ಆದರೆ ಬಡತನದಿಂದ ಬಂದರು ಅನ್ನುವ ಕಾರಣಕ್ಕೆ ಆಟ ದೊಡ್ಡದಾಗುವುದಿಲ್ಲ. ಎರಡನೇ ಪ್ರಶಸ್ತಿಯನ್ನೇ ತೆಗೆದುಕೊಳ್ಳಿ. 1992ರ ಫೈನಲ್, ಮೈಕ್ ಗ್ರೆಗರಿ ಎದುರು. 5-5. ಗ್ರೆಗರಿಗೆ ಚಾಂಪಿಯನ್ ಆಗಲು ಒಂದೇ ಒಂದು ಡಬಲ್ ಸಾಕಿತ್ತು. ಆರು ಡಾರ್ಟ್ ಸಿಕ್ಕವು, ಆರೂ ತಪ್ಪಿದವು. ಕೊನೆಯ ಲೆಗ್ ಟೇಲರ್‌ಗೆ ಹೋಯಿತು. ಗ್ರೆಗರಿ ಕೊನೆಯವರೆಗೂ ವಿಶ್ವ ಚಾಂಪಿಯನ್ ಆಗಲೇ ಇಲ್ಲ. ಆ ಆರರಲ್ಲಿ ಒಂದು ತಾಗಿದ್ದರೆ ಇವತ್ತು ನಾವು 15 ಅಂತ ಬರೆಯುತ್ತಿದ್ದೆವು.

ಟ್ರಿಪಲ್_ಇಪ್ಪತ್ತು:
15 ಆಗಿದ್ದರೂ ನನ್ನ ಮಾತು ಅದೇ ರಘು. ಇನ್ನೊಂದು ಮಾತು, ಆ ಸತತ ಎಂಟು ಪ್ರಶಸ್ತಿಗಳ ವಿಷಯದಲ್ಲಿ ನಿಮ್ಮ ಮಾತನ್ನು ಸ್ವಲ್ಪ ಒಪ್ಪುತ್ತೇನೆ. ಎಲ್ಲರೂ ಒಂದೇ ಕಡೆ ಆಡಿದ್ದರೆ ಒಂದೆರಡು ಕೈ ತಪ್ಪುತ್ತಿದ್ದವೇನೋ. ಆದರೆ 2009, 2010, 2013 ಬಿಟ್ಟುಕೊಡಲಾರೆ. 2013ರಲ್ಲಿ ಎದುರಿಗಿದ್ದಿದ್ದು ಮೈಕೆಲ್ ವಾನ್ ಗರ್ವೆನ್. ಅವನಿಗೆ 23, ಟೇಲರ್‌ಗೆ 52. ಆ ಟೂರ್ನಿಯ ಸೆಮಿಫೈನಲ್‌ನಲ್ಲಿ ವಾನ್ ಗರ್ವೆನ್ ಒಂಬತ್ತು ಡಾರ್ಟ್‌ಗೆ, ಅಂದರೆ ಸಾಧ್ಯವಿರುವ ಅತಿ ಕಡಿಮೆ ಡಾರ್ಟ್‌ಗೆ, ಲೆಗ್ ಮುಗಿಸಿದ್ದ. ಮುಂದಿನ ಲೆಗ್‌ನಲ್ಲೂ ಎಂಟು ಸರಿಯಾಗಿ ಬಿದ್ದು ಕೊನೆಯ ಡಬಲ್ ತಪ್ಪಿತ್ತು. ಅಂಥ ಲಯದಲ್ಲಿದ್ದವನನ್ನು 7-4ರಿಂದ ಸೋಲಿಸಿದರು. ಇದನ್ನೂ ದುರ್ಬಲ ಎದುರಾಳಿ ಅನ್ನಲಾಗುತ್ತಾ?

ಪಾವನಿ:
ನೀವೆಲ್ಲ ಗೆದ್ದವರ ಲೆಕ್ಕದಲ್ಲೇ ಇದ್ದೀರಿ. ಕೈಯೇ ನಿಂತುಹೋದವರ ಬಗ್ಗೆ ಯಾರೂ ಮಾತಾಡಲಿಲ್ಲ. ಡಾರ್ಟೈಟಿಸ್ ಅಂತ ಕರೆಯುತ್ತಾರೆ. ಗಾಯವಲ್ಲ, ನೋವೂ ಇರುವುದಿಲ್ಲ. ಕೈ ಹಿಂದೆ ಹೋಗುತ್ತದೆ, ಮುಂದೆ ಬರುತ್ತದೆ, ಬೆರಳು ಮಾತ್ರ ಡಾರ್ಟ್ ಬಿಡುವುದಿಲ್ಲ. 1986ರಲ್ಲಿ ಐದನೇ ಪ್ರಶಸ್ತಿ ಗೆದ್ದ ಬ್ರಿಸ್ಟೋಗೆ ಬಂದಿದ್ದು ಇದೇ. ಆಮೇಲೆ ಅವರು ಮತ್ತೆ ವಿಶ್ವ ಚಾಂಪಿಯನ್ ಆಗಲಿಲ್ಲ.

2017ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ನಡೆದ ಗ್ರ್ಯಾಂಡ್ ಸ್ಲ್ಯಾಮ್‌ನಲ್ಲಿ ಬೆರಿ ವಾನ್ ಪೀರ್ ಅನ್ನುವ ಹುಡುಗ ಎಲ್ಲರೆದುರು ವೇದಿಕೆಯ ಮೇಲೆ ಅತ್ತುಬಿಟ್ಟ. ತೋಳು ಮತ್ತೆ ಮತ್ತೆ ಆಡುತ್ತಿತ್ತು, ಡಾರ್ಟ್ ಬೆರಳಲ್ಲೇ ಇತ್ತು. ಬಂದ ಜನ ಗೇಲಿ ಮಾಡಲಿಲ್ಲ, ಅವನ ಹೆಸರು ಕೂಗಿ ಧೈರ್ಯ ಕೊಟ್ಟರು. ಆ ವಿಡಿಯೊ ನೋಡಿ ನಾನೂ ಅತ್ತಿದ್ದೇನೆ. ಲಿಟ್ಲರ್‌ಗೆ ಇದು ಬರುತ್ತದೆ ಅಂತ ಹೇಳುತ್ತಿಲ್ಲ, ಬರದೇ ಇರಲಿ. ಆದರೆ 14 ವರ್ಷದ ಮಾತು ಆಡುವಾಗ ಕೈಯ ಮಾತೂ ಬರಬೇಕು. ಟೇಲರ್ ಕೈ ಮೂವತ್ತು ವರ್ಷ ಅವರ ಮಾತು ಕೇಳಿತು.

ಸುಮಾ_ಬರ್ಮಿಂಗ್‌ಹ್ಯಾಮ್:
ಪಾವನಿ, ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಸಹೋದ್ಯೋಗಿ ಒಬ್ಬರು ಪಬ್ ಲೀಗ್ ಆಡುತ್ತಿದ್ದರು. ಒಂದು ರಾತ್ರಿ ಗೆರೆ ಮೇಲೆ ನಿಂತು ಗುರಿ ಇಟ್ಟರು, ಕೈ ಇಳಿಸಿದರು. ಮತ್ತೆ ಗುರಿ ಇಟ್ಟರು, ಮತ್ತೆ ಇಳಿಸಿದರು. ಸ್ಕೋರ್ ಬರೆಯುತ್ತಿದ್ದವರು ಸೀಮೆಸುಣ್ಣ ಹಿಡಿದು ಕಾಯುತ್ತಲೇ ಇದ್ದರು. ಕೊನೆಗೆ ಇವರು ಡಾರ್ಟ್‌ಗಳನ್ನು ಮೇಜಿನ ಮೇಲಿಟ್ಟು ಕೋಟು ಹಾಕಿಕೊಂಡು ಹೊರಟುಹೋದರು. ಆಮೇಲೆ ಅವರು ಲೀಗ್ ಆಡಲಿಲ್ಲ.

ಹೊಸಬ_ಗಿರಿ:
ಇಷ್ಟು ಕಷ್ಟ ಇದ್ದರೂ ದುಡ್ಡಿದೆ ಅಲ್ವಾ? 2026ರಲ್ಲಿ ಗೆದ್ದವನಿಗೆ 10 ಲಕ್ಷ ಪೌಂಡ್ ಅಂತ ಓದಿದೆ.

ಲೆಕ್ಕದ_ಮೇಷ್ಟ್ರು:
ಮೇಲಿರುವವರಿಗೆ ಇದೆ. ಪ್ರೊ ಟೂರ್ ಆಡಲು ಟೂರ್ ಕಾರ್ಡ್ ಬೇಕು, ಅದು ಇರುವುದು 128 ಜನರಿಗೆ. ರ‍್ಯಾಂಕಿಂಗ್ ಅಂದರೆ ಎರಡು ವರ್ಷದಲ್ಲಿ ಗೆದ್ದ ಬಹುಮಾನದ ಮೊತ್ತ, ಬೇರೇನಲ್ಲ. ಎರಡು ವರ್ಷ ಮುಗಿದಾಗ ಮೊದಲ 64ರೊಳಗೆ ಇಲ್ಲದಿದ್ದರೆ ಜನವರಿಯಲ್ಲಿ ಕ್ಯೂ ಸ್ಕೂಲ್ ಅನ್ನುವ ಅರ್ಹತಾ ಟೂರ್ನಿಗೆ ಹೋಗಿ ಕಾರ್ಡನ್ನು ಮತ್ತೆ ಗೆಲ್ಲಬೇಕು. ಪ್ರೇಕ್ಷಕರಿಲ್ಲದ ಕ್ರೀಡಾ ಹಾಲ್‌ಗಳಲ್ಲಿ ನಡೆಯುವ ಟೂರ್ನಿಗಳಲ್ಲಿ ಮೊದಲ ಸುತ್ತು ಸೋತರೆ ಕೈಗೆ ಏನೂ ಬರುವುದಿಲ್ಲ. ಪ್ರಯಾಣ, ಹೋಟೆಲ್ ಎಲ್ಲ ಸ್ವಂತ ಖರ್ಚು. ಅದಕ್ಕೇ ಎಷ್ಟೋ ಜನ ಬೇರೆ ಕೆಲಸ ಇಟ್ಟುಕೊಂಡೇ ಆಡುತ್ತಾರೆ.

ಅಲ್ಲಿಂದ ಮೇಲೆ ಬರುವವರೂ ಇದ್ದಾರೆ. ರಾಬ್ ಕ್ರಾಸ್ ಎಲೆಕ್ಟ್ರಿಷಿಯನ್ ಆಗಿದ್ದವರು. 2017ರಲ್ಲಿ ಮೊದಲ ಸಲ ಟೂರ್ ಆಡಿದರು, 2018ರ ಜನವರಿ 1ರಂದು ವಿಶ್ವ ಚಾಂಪಿಯನ್ ಆದರು. ಫೈನಲ್‌ನಲ್ಲಿ ಎದುರಿಗಿದ್ದಿದ್ದು ಟೇಲರ್.

ಪಾವನಿ:
ಲಿಟ್ಲರ್‌ನನ್ನು ತಡೆಯುವವರು ಯಾರು ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಕೆಳಗಿನಿಂದ ಬರುತ್ತಲೇ ಇದ್ದಾರೆ. 2025ರ ವಿಶ್ವ ಯೂತ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಬೋ ಗ್ರೀವ್ಸ್ ಲಿಟ್ಲರ್‌ನನ್ನು 6-5ರಿಂದ ಸೋಲಿಸಿದಳು. ಡಾರ್ಟೈಟಿಸ್ ಜೊತೆ ಗುದ್ದಾಡಿ ಬಂದವಳು ಅವಳು. ಫ್ಯಾಲನ್ ಶೆರಾಕ್ 2019ರಲ್ಲಿ ಟೆಡ್ ಎವೆಟ್ಸ್‌ನನ್ನು ಸೋಲಿಸಿ ಪಿಡಿಸಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಂದ್ಯ ಗೆದ್ದ ಮೊದಲ ಮಹಿಳೆಯಾದಾಗ, ಅದು ಒಂದು ದಿನದ ಅದೃಷ್ಟ ಅಂದವರಿದ್ದರು. ಮುಂದಿನ ಸುತ್ತಿನಲ್ಲಿ ಮೆನ್ಸೂರ್ ಸುಲ್ಯೋವಿಚ್‌ರನ್ನೂ ಸೋಲಿಸಿದಳು, ಅದೂ ಬೋರ್ಡ್‌ನ ನಟ್ಟನಡುವಿನ ಬುಲ್ ಹೊಡೆದು ಮುಗಿಸಿ. 14 ವರ್ಷದಲ್ಲಿ ಇಂಥವರು ಇನ್ನೆಷ್ಟು ಜನ ಬರಬಹುದು!

ಕೋಟೆಬೀದಿ_ರಘು:
ಈ ಮಾತು ಸರಿ ಪಾವನಿ. ಹಾಗಾದರೆ ನನ್ನ ನಿಲುವು ಹೀಗೆ ಇಟ್ಟುಕೊಳ್ಳುತ್ತೇನೆ. ಲಿಟ್ಲರ್ 16 ಮುಟ್ಟದೇ ಇರಬಹುದು. ಆದರೆ ಈ ಕಾಲದ ಎಂಟು ಆ ಕಾಲದ 16ಕ್ಕೆ ಸಮ. ಅವನು ಹತ್ತು ಗೆದ್ದರೆ ನಾನು ಅವನನ್ನೇ ಮೇಲಿಡುತ್ತೇನೆ.

ಟ್ರಿಪಲ್_ಇಪ್ಪತ್ತು:
ಹತ್ತು ಗೆಲ್ಲಲಿ, ಆಗ ಖಂಡಿತ ಮಾತಾಡೋಣ. ಮೇಷ್ಟ್ರು ಹೇಳಿದ ಆ 2018ರ ಫೈನಲ್ ನಾನು ರಾತ್ರಿ ಎದ್ದು ಕೂತು ನೋಡಿದ್ದೆ. ಟೇಲರ್‌ಗೆ 57, ಅದೇ ಕೊನೆಯ ಟೂರ್ನಿ ಅಂತ ಮೊದಲೇ ಹೇಳಿದ್ದರು. ಕ್ರಾಸ್ ಎದುರು ಏನೂ ನಡೆಯುತ್ತಿರಲಿಲ್ಲ, ಕೊನೆಗೆ 7-2ರಿಂದ ಸೋತರು. ಆ ಸೋಲಿನ ನಡುವೆ ಒಂದು ಲೆಗ್‌ನಲ್ಲಿ ಎಂಟು ಡಾರ್ಟ್ ಒಂದೂ ತಪ್ಪದೆ ಬಿದ್ದವು. 24 ಉಳಿಯಿತು. ಒಂಬತ್ತನೆಯದನ್ನು ಡಬಲ್ 12ಕ್ಕೆ ಎಸೆದರು. ತಂತಿಯ ಪಕ್ಕದಲ್ಲೇ ತಪ್ಪಿತು. ಫೈನಲ್ ನಡೆದ ಅಲೆಕ್ಸಾಂಡ್ರಾ ಪ್ಯಾಲೇಸ್ ಪೂರ್ತಿ ಒಂದೇ ದನಿಯಲ್ಲಿ 'ಅಯ್ಯೋ' ಅಂದ ಹಾಗಿತ್ತು.