ಅಪ್‌ಡೇಟ್: ಹೊಸ ಸ್ಪೀಕರಿನಲ್ಲಿ ಎಲ್ಲ ಕೇಳಿಸುತ್ತೆ, ಮನಸ್ಸಿಗೆ ಮಾತ್ರ ತಟ್ಟುತ್ತಿಲ್ಲ ಅಂದಿದ್ದೆನಲ್ಲ

ಹೋದ ತಿಂಗಳು ಕೇಳಿದ್ದೆ: ಹೊಸ ಸ್ಪೀಕರಿನಲ್ಲಿ ಗಾಯಕಿಯ ಉಸಿರು, ತಂತಿಯ ಮೇಲೆ ಜಾರುವ ಬೆರಳು, ಎಲ್ಲವೂ ಸ್ಪಷ್ಟ. ಆದರೂ ಎರಡು ಹಾಡಿಗೇ ಎದ್ದು ಹೋಗೋಣ ಅನಿಸುತ್ತೆ. ಹಳೆಯದರ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದೆ. ಯಾಕೆ ಹೀಗೆ? ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ನೀವು ಹೇಳಿದಂತೆ ಎರಡೂ ಜೋಡಿಯ ವಾಲ್ಯೂಮ್ ಅಳೆದು ಸಮ ಮಾಡಿದೆ. ಹೊಸದು ಸುಮಾರು 2 ಡೆಸಿಬಲ್ ಜೋರಾಗಿತ್ತು. ಅಷ್ಟು ಸಣ್ಣ ವ್ಯತ್ಯಾಸವನ್ನು ಕಿವಿ ಎಷ್ಟೋ ಸಲ ಜೋರು ಅಂದುಕೊಳ್ಳುವುದಿಲ್ಲ, ಹೆಚ್ಚು ಸ್ಪಷ್ಟ ಅಂದುಕೊಳ್ಳುತ್ತೆ. ಕೊಳ್ಳುವಾಗ ನಾನು ಮರುಳಾಗಿದ್ದು ಬಹುಶಃ ಇದಕ್ಕೇ.

ನಿಜವಾದ ಬದಲಾವಣೆ ಬಂದದ್ದು ಸ್ಪೀಕರಿನ ಜಾಗ ಬದಲಿಸಿದ ಮೇಲೆ. ಎರಡೂ ನೇರ ನನ್ನ ಮುಖಕ್ಕೆ ತಿರುಗಿದ್ದವು. 2ರಿಂದ 5 ಕಿಲೋಹರ್ಟ್ಸ್ ನಡುವಿನ ತೀಕ್ಷ್ಣ ಸದ್ದಿಗೆ ನಮ್ಮ ಕಿವಿ ಅತಿ ಸೂಕ್ಷ್ಮ, ಅಲ್ಲೇ ಚುಚ್ಚುತ್ತಿತ್ತು. ಸ್ವಲ್ಪ ಹೊರಮುಖವಾಗಿಸಿ, ಗೋಡೆಯತ್ತ ಒಂದು ಗೇಣು ಸರಿಸಿದೆ. ಬೇಸ್, ಅಂದರೆ ತಗ್ಗಿನ ದನಿ, ತುಂಬಿಕೊಂಡಿತು. ಬರಿ ನೆಲಕ್ಕೆ ದಪ್ಪ ಜಮಖಾನ ಹಾಸಿದ್ದರಿಂದ ಪ್ರತಿಧ್ವನಿಯ ಗಡಸೂ ಇಳಿಯಿತು.

ಆ ರಾತ್ರಿ ದೀಪ ಆರಿಸಿ ಕೂತೆ. ಮೂರನೇ ಹಾಡಿಗೆ ಕಣ್ಣು ತೇವವಾಗಿತ್ತು. ಉಸಿರು ಈಗಲೂ ಕೇಳುತ್ತೆ, ಆದರೆ ಅದು ಹಾಡಿನ ಒಳಗಿದೆ, ಹಾಡಿಗಿಂತ ಮುಂದೆ ನಿಂತಿಲ್ಲ. ಹಾಗಾಗಿ ವಿವರ ಹೆಚ್ಚಾದರೆ ಭಾವ ಸಾಯುತ್ತೆ ಅಂದವರ ಮಾತನ್ನು ನಾನು ಒಪ್ಪಲಾರೆ. ನಾನೂ ಒಂದೊಂದೇ ಸದ್ದನ್ನು ಹುಡುಕುತ್ತಾ ಕೂರುತ್ತಿದ್ದೆ, ಅದನ್ನೂ ಬಿಟ್ಟಿದ್ದೇನೆ.

ಒಂದು ತೊಂದರೆ ಉಳಿದಿದೆ. ಮೆಲುದನಿ, ಏರುದನಿ ಎರಡನ್ನೂ ಒಂದೇ ಮಟ್ಟಕ್ಕೆ ಒತ್ತಿದ ರೆಕಾರ್ಡಿಂಗ್‌ಗಳು ಹೊಸದರಲ್ಲಿ ಇನ್ನೂ ದಣಿಸುತ್ತವೆ. ಅವನ್ನು ಹಳೆಯದರಲ್ಲೇ ಕೇಳುತ್ತೇನೆ, ಆ ಜೋಡಿಯನ್ನು ಮಾರುವುದಿಲ್ಲ.