ಕೋಣೆ ಕಟ್ಟಿಸುವ ಮುನ್ನ: ಬಾಕಿ ಬಿಲ್ಲು ಮನೆಯ ಮೇಲೆ ಬರುವ ಬಗೆ

ಬೇಸಿಗೆಗೆ ಅಪ್ಪ ಅಮ್ಮ ಬರುವಷ್ಟರಲ್ಲಿ ಒಂದು ಕೋಣೆ ಕಟ್ಟಿಸಬೇಕು, ಕಾಂಟ್ರಾಕ್ಟರಿಗೆ ಹಣ ಕೊಟ್ಟರೆ ಮುಗಿಯಿತಲ್ಲವೇ ಎಂದು ಒಬ್ಬರು ಕೇಳಿದ್ದಾರೆ. ಮುಗಿಯುವುದಿಲ್ಲ. ನಾನು ಹೇಳುತ್ತಿರುವುದು ಕ್ಯಾಲಿಫೋರ್ನಿಯಾದ ಕಾನೂನು. ಬೇರೆ ರಾಜ್ಯದವರು ತಮ್ಮಲ್ಲಿನ ಗಡುವುಗಳನ್ನು ವಿಚಾರಿಸಿಕೊಳ್ಳಿ.

ನೀವು ಪೂರ್ತಿ ಹಣ ಕೊಟ್ಟಿದ್ದರೂ ಕಾಂಟ್ರಾಕ್ಟರು ಮರದ ಅಂಗಡಿಗೋ ವೈರಿಂಗ್ ಮಾಡಿದವನಿಗೋ ಬಾಕಿ ಉಳಿಸಿಕೊಂಡರೆ, ಅವರು ನಿಮ್ಮ ಮನೆಯ ಮೇಲೆ ಮೆಕ್ಯಾನಿಕ್ಸ್ ಲೀನ್, ಅಂದರೆ ಬಾಕಿಗೆ ಮನೆಯನ್ನೇ ಹೊಣೆ ಮಾಡುವ ಹಕ್ಕು, ದಾಖಲಿಸಬಹುದು. ಒಂದೇ ಕೆಲಸಕ್ಕೆ ಎರಡು ಸಲ ಹಣ ತೆರುವ ಸ್ಥಿತಿ ಬರಬಹುದು. ಈ ಹಕ್ಕು ರಾಜ್ಯದ ಸಂವಿಧಾನದಲ್ಲೇ ಇದೆ. ಅನ್ಯಾಯವೆಂದು ಸಿಟ್ಟು ಬರುವುದು ಸಹಜ. ಆದರೆ ದುಡಿದವನ ಶ್ರಮ ಗೋಡೆಯೊಳಗೆ ಸೇರಿಹೋಗಿದೆ, ಅದನ್ನು ಅವನು ಕಿತ್ತುಕೊಂಡು ಹೋಗಲಾರ. ಕೂಲಿಗಾಗಿ ಮನೆಯಿಂದ ಮನೆಗೆ ಅಲೆಯುವ ಗಾರೆ ಕೆಲಸದವರನ್ನು ಊರಿನಲ್ಲಿ ಕಂಡಿರುವ ನನಗೆ ಈ ಕಾನೂನಿನ ಬಗ್ಗೆ ಗೌರವವೇ ಇದೆ.

ಕೆಲಸ ಶುರುವಾದ ಮೇಲೆ, ಹೆಸರೇ ಕೇಳಿರದ ಕಂಪನಿಗಳಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಪ್ರಿಲಿಮಿನರಿ ನೋಟಿಸ್ ಬರುತ್ತದೆ. ಅನೇಕರು ಹೆದರುತ್ತಾರೆ, ಇಲ್ಲವೇ ಜಾಹೀರಾತೆಂದು ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಅದು ಲೀನ್ ಅಲ್ಲ. ‘ನಿಮ್ಮ ಮನೆಗೆ ನಾವೂ ಸಾಮಾನು ಕೊಡುತ್ತಿದ್ದೇವೆ’ ಎಂಬ ತಿಳಿವಳಿಕೆ. ಕೆಲಸ ಆರಂಭಿಸಿದ 20 ದಿನಗಳೊಳಗೆ ಕಳಿಸಿದರೆ ಅವರ ಪೂರ್ತಿ ಹಕ್ಕು ಉಳಿಯುತ್ತದೆ. ದಿನಗೂಲಿಯವರಂತೂ ಈ ನೋಟಿಸು ಕೊಡುವ ಅಗತ್ಯವೇ ಇಲ್ಲ. ಬಂದ ನೋಟಿಸುಗಳನ್ನೆಲ್ಲ ಒಂದು ಫೈಲಿನಲ್ಲಿಡಿ. ಯಾರ್ಯಾರ ಬಾಕಿ ತೀರಬೇಕೆಂಬ ಪಟ್ಟಿ ನಿಮಗೆ ಪುಕ್ಕಟೆಯಾಗಿ ಸಿಕ್ಕಂತೆ.

ಪ್ರತಿ ಕಂತಿನ ಚೆಕ್ ಕೊಡುವಾಗ ಆ ಪಟ್ಟಿಯಲ್ಲಿರುವ ಒಬ್ಬೊಬ್ಬರಿಂದಲೂ ಷರತ್ತುಬದ್ಧ ಬಿಡುಗಡೆ ಪತ್ರ, ಅಂದರೆ ‘ಈ ಹಣ ಕೈಸೇರಿದರೆ ಅಷ್ಟರ ಮಟ್ಟಿಗೆ ಲೀನ್ ಹಕ್ಕು ಬಿಟ್ಟಂತೆ’ ಎಂಬ ಬರಹ, ಕೇಳಿ. ಹಣ ಅವರ ಕೈಸೇರಿದ ಮೇಲೆ ಷರತ್ತಿಲ್ಲದ ಪತ್ರ ಪಡೆಯಿರಿ. ಇವುಗಳ ನಮೂನೆಗಳು ಕಾನೂನಿನಲ್ಲೇ ಇವೆ. ಕಾಂಟ್ರಾಕ್ಟರು ತಡಬಡಾಯಿಸಿದರೆ ಅವನ ಮತ್ತು ಅಂಗಡಿಯವನ ಇಬ್ಬರ ಹೆಸರಿಗೂ ಸೇರಿಸಿ ಚೆಕ್ ಬರೆಯಬಹುದು. ಮುಂಗಡವಾಗಿ ಸಾಮಾನ್ಯವಾಗಿ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಅವನು ಕೇಳಬಹುದು. ಅರ್ಧ ಹಣ ಮೊದಲೇ ಕೊಡಿ ಎನ್ನುವವನನ್ನು ಅಲ್ಲೇ ಬಿಟ್ಟುಬಿಡಿ.

ಕೆಲಸ ಮುಗಿದ 90 ದಿನಗಳೊಳಗೆ ಲೀನ್ ದಾಖಲಾಗಬೇಕು. ನೀವು ಮುಕ್ತಾಯದ ನೋಟಿಸನ್ನು 15 ದಿನಗಳೊಳಗೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ದಾಖಲೆ ಕಚೇರಿಯಲ್ಲಿ ದಾಖಲಿಸಿ ಸಂಬಂಧಪಟ್ಟವರಿಗೆ ಕಳಿಸಿದರೆ, ಆ ಅವಧಿ ಮುಖ್ಯ ಕಾಂಟ್ರಾಕ್ಟರಿಗೆ 60, ಉಳಿದವರಿಗೆ 30 ದಿನಗಳಿಗೆ ಇಳಿಯುತ್ತದೆ.

ಬೇರೆ ಸಾಲಗಳ ದಾರಿ ಬೇರೆ. ಕ್ರೆಡಿಟ್ ಕಾರ್ಡಿನವರು ಮೊದಲು ನ್ಯಾಯಾಲಯದಲ್ಲಿ ಗೆದ್ದು, ಆ ತೀರ್ಪನ್ನು ಕೌಂಟಿಯಲ್ಲಿ ದಾಖಲಿಸಬೇಕು. ಆಗ ಮನೆಯ ಮೇಲೆ ಬರುವ ಆ ಲೀನ್ 10 ವರ್ಷ ನಿಲ್ಲುತ್ತದೆ, ನವೀಕರಿಸಲೂಬಹುದು. ಆಸ್ತಿ ತೆರಿಗೆಯ ಬಾಕಿ ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ನಿವೇಶನ ಕೊಳ್ಳುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸುತ್ತೇವಲ್ಲ, ಇಲ್ಲಿ ಆ ತಪಾಸಣೆಯನ್ನು ಟೈಟಲ್ ಕಂಪನಿ ಮಾಡುತ್ತದೆ. ಮಗಳ ಕಾಲೇಜು ಶುಲ್ಕಕ್ಕೆಂದು ಮನೆಯ ಮೇಲೆ ಸಾಲ ಕೇಳಲು ಹೋದಾಗಲೇ ಹಳೆಯ ಲೀನ್ ಎದ್ದು ಬರುವುದುಂಟು.

ಈಗಾಗಲೇ ಮೆಕ್ಯಾನಿಕ್ಸ್ ಲೀನ್ ಬಿದ್ದಿದ್ದರೆ ಮೊದಲು ದಾಖಲಾದ ದಿನಾಂಕ ನೋಡಿ. ಅಲ್ಲಿಂದ 90 ದಿನಗಳೊಳಗೆ ಅವರು ದಾವೆ ಹೂಡದಿದ್ದರೆ, ನೀವು ಅವಧಿ ವಿಸ್ತರಣೆಗೆ ಒಪ್ಪಿರದಿದ್ದರೆ, ಅದನ್ನು ಜಾರಿ ಮಾಡಲಾಗದು. ಆದರೂ ದಾಖಲೆಯಿಂದ ಅದು ತಾನಾಗಿ ಅಳಿಯುವುದಿಲ್ಲ. ತೆಗೆಯಿರಿ ಎಂದು ಬರವಣಿಗೆಯಲ್ಲಿ ಕೇಳಿ, 10 ದಿನ ಕಾದು, ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಮಾರಾಟ ತುರ್ತಾಗಿದ್ದರೆ ಲೀನ್ ಮೊತ್ತದ ಶೇ. 125ರ ಬಾಂಡ್ (ಹಣದ ಖಾತರಿ ಪತ್ರ) ಕೊಟ್ಟು ಮನೆಯನ್ನು ಬಿಡಿಸಿಕೊಳ್ಳಬಹುದು. ಜಗಳ ಆ ಬಾಂಡಿನ ಮೇಲೆ ಮುಂದುವರಿಯುತ್ತದೆ.